ಗದಗಿನ ಪತ್ತಿನ ಸಂಘವೊಂದರಲ್ಲಿ ಆರು ಕಟ್ಟುಗಳ ಕಡತ ಪದ್ಧತಿ: ನನ್ನ ಅನುಭವ

ನಮ್ಮ ಸಂಘದ ಕಳೆದ ಲೆಕ್ಕ ಪರಿಶೋಧನೆ ಐದೇ ದಿನಗಳಲ್ಲಿ ಮುಗಿಯಿತು. 2018ರಲ್ಲಿ ನಾನು ಇಲ್ಲಿಗೆ ಗುಮಾಸ್ತೆಯಾಗಿ ಸೇರಿದಾಗ ಅದೇ ಕೆಲಸಕ್ಕೆ ಹನ್ನೊಂದೋ ಹನ್ನೆರಡೋ ದಿನ ಹಿಡಿದಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಪರಿಶೋಧಕರು ಕೇಳಿದ ಕಾಗದವನ್ನು ನಾವು ಹುಡುಕುವುದರಲ್ಲಿಯೇ ಕಳೆದಿತ್ತು. ಈ ನಡುವಿನ ವರ್ಷಗಳಲ್ಲಿ ಏನು ಮಾಡಿದೆ, ಎಲ್ಲಿ ಹಣ ಹಾಳಾಯಿತು, ಕೊನೆಗೆ ಯಾವುದು ಕೈಹಿಡಿಯಿತು ಎಂಬುದನ್ನು ಇದೇ ಕೆಲಸ ಮಾಡುವವರಿಗಾಗಿ ಬರೆಯುತ್ತಿದ್ದೇನೆ. ಆವಕ-ಜಾವಕ ವಹಿ ಬರೆಯುವುದು, ಟಿಪ್ಪಣಿ ಹಾಳೆಗೆ ಕಂಡಿಕೆ ಸಂಖ್ಯೆ ಹಾಕುವುದು, ಪತ್ರ ವ್ಯವಹಾರದ ಭಾಗಕ್ಕೆ ಬೇರೆ ಪುಟ ಸಂಖ್ಯೆ ಕೊಡುವುದು ನಿಮಗೆ ಗೊತ್ತಿರುವ ಸಂಗತಿಗಳಾದ್ದರಿಂದ ಅವುಗಳನ್ನು ಬಿಟ್ಟಿದ್ದೇನೆ.

ನಮ್ಮದು ಸುಮಾರು 4,200 ಸದಸ್ಯರ ಪತ್ತಿನ ಸಹಕಾರಿ ಸಂಘ. 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ, ನಮ್ಮ ಗದಗ ತಾಲೂಕಿನ ಕಣಗಿನಹಾಳದ ಸಂಘವು ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ನಮ್ಮ ಅಧ್ಯಕ್ಷರು ಪ್ರತಿ ವಾರ್ಷಿಕ ಸಭೆಯಲ್ಲಿಯೂ ನೆನೆಯುತ್ತಾರೆ. ಅದೇ ತಾಲೂಕಿನಲ್ಲಿ ಕುಳಿತು ಸದಸ್ಯರೊಬ್ಬರ ಜಾಮೀನು ಪತ್ರವನ್ನು ಕಳೆದುಕೊಂಡಿದ್ದು ನನ್ನ ಮನಸ್ಸಿನಲ್ಲಿ ಬಹಳ ದಿನ ಚುಚ್ಚುತ್ತಿತ್ತು. ಅದು ಸುಮಾರು ₹1,80,000 ಬಾಕಿ ಇದ್ದ ಸಾಲ. ದಾವೆ ಹೂಡಲು ಕಾಗದಗಳನ್ನು ಕಳಿಸಿದಾಗ ಮೂಲ ಜಾಮೀನು ಪತ್ರವಿಲ್ಲವೆಂದು ವಕೀಲರು ಕಟ್ಟನ್ನು ಹಾಗೆಯೇ ವಾಪಸು ಕೊಟ್ಟರು. ಹನ್ನೊಂದು ತಿಂಗಳ ನಂತರ ಆ ಪತ್ರ ಸಿಕ್ಕಿತು. ಸಾಲಗಾರರ ಹೆಸರು ಬಸವರಾಜ. ಪತ್ರವಿದ್ದದ್ದು ಅದೇ ಅಡ್ಡಹೆಸರಿನ ಇನ್ನೊಬ್ಬ ಬಸವರಾಜರ ಕಡತದಲ್ಲಿ.

ಹಾಗೆ ಇಟ್ಟವಳು ನಾನೇ. ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾದಲ್ಲಿ ಕಲಿತಂತೆ ಸೇರಿದ ವರ್ಷವೇ ಎಲ್ಲ ಸಾಲದ ಕಡತಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿದ್ದೆ. ಪಠ್ಯದಲ್ಲಿ ಅದು ಸುಲಭ. ನಮ್ಮ ಭಾಗದ ಹೆಸರುಗಳಿಗೆ ಅದನ್ನು ಹಚ್ಚಿದಾಗ ‘ಬ’ ಅಕ್ಷರವೊಂದೇ ಒಂದು ತಿಜೋರಿಯನ್ನು ನುಂಗಿತು. ಬಸಪ್ಪ, ಬಸಮ್ಮ, ಬಸನಗೌಡ, ಬಸವಣ್ಣೆಪ್ಪ, ಬಸವರಾಜ ಎಲ್ಲರೂ ಅಲ್ಲಿಯೇ. ‘ಘ’ ಮತ್ತು ‘ಝ’ ಅಕ್ಷರಗಳಿಗೆಂದು ಬಿಟ್ಟ ಖಾನೆಗಳು ಖಾಲಿ ಉಳಿದವು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಒಬ್ಬರೇ ವ್ಯಕ್ತಿ ಸದಸ್ಯತ್ವದ ಅರ್ಜಿಯಲ್ಲಿ ವೀರಣ್ಣ, ಉತಾರದಲ್ಲಿ (ಪಹಣಿಯಲ್ಲಿ) ಈರಣ್ಣ, ಆಧಾರ್‌ನಲ್ಲಿ ವೀರಪ್ಪ ಎಂದಿರುತ್ತಾರೆ. ಯಲ್ಲಪ್ಪ ಎಂದು ನಾನು ‘ಯ’ದಲ್ಲಿ ಇಟ್ಟದ್ದನ್ನು ಇನ್ನೊಬ್ಬರು ಎಲ್ಲಪ್ಪ ಎಂದು ‘ಎ’ಯಲ್ಲಿ ಹುಡುಕುತ್ತಾರೆ. ಹೆಸರು ಮೊದಲೋ ಅಡ್ಡಹೆಸರು ಮೊದಲೋ ಎಂಬುದನ್ನು ನಾವು ಮೂವರು ಸಿಬ್ಬಂದಿ ಮೂರು ರೀತಿ ತಿಳಿದುಕೊಂಡಿದ್ದೆವು. ಎರಡು ತಿಂಗಳ ದುಡಿಮೆ ಹೀಗೆ ವ್ಯರ್ಥವಾಯಿತು.

ಎರಡನೆಯ ಪ್ರಯತ್ನ ಸ್ಕ್ಯಾನಿಂಗ್. ಇದಕ್ಕೆ ಆಡಳಿತ ಮಂಡಳಿ ಸಂತೋಷದಿಂದ ಒಪ್ಪಿತು, ಏಕೆಂದರೆ ಕಂಪ್ಯೂಟರಿನಲ್ಲಿ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಎಲ್ಲರಿಗೂ ಇತ್ತು. ಹೊರಗಿನವರೊಬ್ಬರಿಗೆ ಪುಟಕ್ಕೆ ಒಂದೂವರೆ ರೂಪಾಯಿಯಂತೆ ಗುತ್ತಿಗೆ ಕೊಟ್ಟೆವು. ನೆನಪಿನಂತೆ 22,000 ಪುಟಗಳಾಗಿ ಸುಮಾರು ₹33,000 ಖರ್ಚಾಯಿತು. ಕೈಗೆ ಬಂದ ಹಾರ್ಡ್ ಡಿಸ್ಕಿನಲ್ಲಿ ಸ್ಕ್ಯಾನ್ 0001ರಿಂದ ಹಿಡಿದು ಬರೀ ಸಂಖ್ಯೆಗಳಿದ್ದವು. ಯಾವ ಸಂಖ್ಯೆಯೊಳಗೆ ಯಾರ ಕಾಗದವಿದೆಯೆಂದು ತೆರೆದು ನೋಡದೆ ತಿಳಿಯುವಂತಿರಲಿಲ್ಲ. ಗುತ್ತಿಗೆಯ ಕರಾರಿನಲ್ಲಿ ಹೆಸರು ಕೊಡುವ ಕೆಲಸವನ್ನು ನಾವು ಬರೆಸಿರಲಿಲ್ಲ. ಕ್ರಮವಿಲ್ಲದ ಕಾಗದಗಳನ್ನು ಸ್ಕ್ಯಾನ್ ಮಾಡಿದರೆ ಕ್ರಮವಿಲ್ಲದ ಚಿತ್ರಗಳೇ ಬರುತ್ತವೆ ಎಂದು ತಿಳಿಯಲು ನಮ್ಮ ಸಂಘಕ್ಕೆ ಅಷ್ಟು ಹಣ ಬೇಕಾಯಿತು.

ಅದೇ ಕಾಲದಲ್ಲಿ ನಾನು ಮಾಡಿದ ಇನ್ನೊಂದು ತಪ್ಪನ್ನು ಹೇಳಲೇಬೇಕು, ಏಕೆಂದರೆ ಇದನ್ನು ಈಗಲೂ ಅನೇಕ ಕಚೇರಿಗಳಲ್ಲಿ ಮಾಡುತ್ತಾರೆ. ಮಷೀನಿನಲ್ಲಿ ಬರುವ ನುಣುಪು ಕಾಗದದ ರಸೀದಿಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆಂದು ಅವುಗಳನ್ನು ಲ್ಯಾಮಿನೇಟ್ ಮಾಡಿಸಲು ಹೋದೆ. ಮೊದಲ ರಸೀದಿ ರೋಲರಿನ ಆಚೆಯಿಂದ ಹೊರಬರುವಾಗ ಒಂದು ಅಂಚಿನಿಂದ ಮೊದಲುಗೊಂಡು ಪೂರ್ತಿ ಕಪ್ಪಾಯಿತು. ಮೊತ್ತ, ದಿನಾಂಕ ಯಾವುದೂ ಉಳಿಯಲಿಲ್ಲ. ಆ ಕಾಗದಕ್ಕೆ ಅಕ್ಷರ ಮೂಡುವುದೇ ಶಾಖದಿಂದ. ನಾಲ್ಕು ರಸೀದಿಗಳು ಹಾಗೆ ಹೋದವು. ಅವುಗಳ ನಕಲಿಗಾಗಿ ಅಂಗಡಿಗಳಿಗೆ ಅಲೆದು ಮೂರನ್ನು ತಂದೆ, ಒಂದು ಸಿಗಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೂ ಅವು ಬೇಗ ಮಾಸುತ್ತವೆ. ಬಂದ ದಿನವೇ ಸಾದಾ ಕಾಗದಕ್ಕೆ ಝೆರಾಕ್ಸ್ ಮಾಡಿ, ಮೂಲವನ್ನು ಅದರ ಹಿಂದೆ ಇಟ್ಟು, ಎರಡನ್ನೂ ವೋಚರಿಗೆ ಹಚ್ಚುವುದೊಂದೇ ದಾರಿ.

ಆರು ಕಟ್ಟುಗಳ ಪದ್ಧತಿಯನ್ನು ನನಗೆ ಕಲಿಸಿದವರು ನಮ್ಮ ಓಣಿಯಲ್ಲಿರುವ ನಿವೃತ್ತ ಶಿರಸ್ತೇದಾರರು. ಇಡೀ ಸೇವೆಯನ್ನು ಕಂದಾಯ ಇಲಾಖೆಯಲ್ಲಿ, ಹೆಚ್ಚಿನಂಶ ಅವಿಭಜಿತ ಧಾರವಾಡ ಜಿಲ್ಲೆಯಲ್ಲಿ ಕಳೆದವರು; 1997ರಲ್ಲಿ ಗದಗ ಮತ್ತು ಹಾವೇರಿ ಬೇರೆ ಜಿಲ್ಲೆಗಳಾದಾಗ ಕಡತಗಳನ್ನು ವಿಂಗಡಿಸಿ, ಪಟ್ಟಿ ಮಾಡಿ, ಹೊಸ ಕಚೇರಿಗಳಿಗೆ ಕಳಿಸುವ ಕೆಲಸದಲ್ಲಿ ಇದ್ದವರು. ಈ ಪದ್ಧತಿ ಮುಂಬಯಿ ಪ್ರಾಂತದ ಕಾಲದ ಕಂದಾಯ ಕಚೇರಿಗಳದ್ದೆಂದೂ ತಮಗೆ ಅದನ್ನು ಹೇಳಿಕೊಟ್ಟವರು ಹಳೆಯ ಕಾರಕೂನರೆಂದೂ ಅವರು ಹೇಳುತ್ತಿದ್ದರು. ಮಹಾರಾಷ್ಟ್ರದ ಸರಕಾರಿ ಕಚೇರಿಗಳಲ್ಲಿ ಇದು ಇಂದಿಗೂ ಬಳಕೆಯಲ್ಲಿದೆ. ನಾನು ನನ್ನ ಮೇಜಿನ ಮೇಲಿನ ಕಾಗದಗಳ ಒಂದು ಚೀಲವನ್ನೇ ಅವರ ಮನೆಗೆ ಒಯ್ದಿದ್ದೆ. ಅವರು ಒಂದೊಂದನ್ನೇ ಎತ್ತಿ ಹಿಡಿದು, “ತಂಗಿ, ಇದು ಯಾರದು ಅಂತ ನಾ ಕೇಳೂದುಲ್ಲ. ಇದಕ್ಕ ನೀ ಇನ್ನ ಏನ್ ಮಾಡಬೇಕಾಗೇತಿ, ಅದನ್ನಷ್ಟ ಹೇಳು,” ಎಂದರು. “ಕಾಕಾ, ಇದಕ್ಕ ಜಿಲ್ಲಾ ಬ್ಯಾಂಕಿನ ಉತ್ತರ ಬರಬೇಕ್ರಿ,” ಎಂದರೆ ಅದು ಒಂದು ಗುಂಪು. “ಇದು ತಿಂಗಳಾ ಕಳಸೂ ತಖ್ತೆರಿ,” ಎಂದರೆ ಇನ್ನೊಂದು. ಒಂದು ತಾಸಿನಲ್ಲಿ ನೂರಾ ಐವತ್ತು ಕಾಗದಗಳು ಜಮಖಾನೆಯ ಮೇಲೆ ಆರು ಗುಂಪುಗಳಾದವು.

ಆ ಆರು ಕಟ್ಟುಗಳು ಇವು: ನಾನೇ ಕ್ರಮ ಕೈಗೊಳ್ಳಬೇಕಾದವು, ಬೇರೆಯವರ ಉತ್ತರಕ್ಕಾಗಿ ಕಾಯುತ್ತಿರುವವು, ನಿಯತಕಾಲಿಕ ತಖ್ತೆಗಳು (ಅವಧಿಗೊಮ್ಮೆ ಕಳಿಸುವ ವಿವರ ಪಟ್ಟಿಗಳು), ಸುತ್ತೋಲೆ ಮತ್ತು ಠರಾವುಗಳಂತಹ (ನಿರ್ಣಯಗಳಂತಹ) ಸ್ಥಾಯಿ ಆದೇಶಗಳು, ಮುಕ್ತಾಯವಾಗಿ ದಾಖಲೆ ಕೋಣೆಗೆ ಹೋಗಬೇಕಾದವು, ಅವಧಿ ಮುಗಿದು ನಾಶವಾಗಬೇಕಾದವು. ಇದರ ಜೀವ ಇರುವುದು ಎರಡನೆಯ ಕಟ್ಟಿನಲ್ಲಿ. ಅದರೊಳಗಿನ ಕಾಗದಗಳನ್ನು ವಿಷಯದಂತೆ ಜೋಡಿಸಬಾರದು. ಪ್ರತಿಯೊಂದರ ಬಲ ಮೂಲೆಯಲ್ಲಿ ಜ್ಞಾಪನ (ಉತ್ತರಕ್ಕಾಗಿ ನೆನಪಿಸುವ ಪತ್ರ) ಕಳಿಸಬೇಕಾದ ದಿನಾಂಕವನ್ನು ಪೆನ್ಸಿಲಿನಿಂದ ಬರೆದು, ಆ ದಿನಾಂಕದ ಕ್ರಮದಲ್ಲಿ ಇಡಬೇಕು. ಬೆಳಿಗ್ಗೆ ಕಟ್ಟು ಬಿಚ್ಚಿದರೆ ಅಂದು ಯಾರಿಗೆ ಜ್ಞಾಪನ ಬರೆಯಬೇಕೋ ಆ ಕಾಗದವೇ ಮೇಲಿರುತ್ತದೆ.

ಮೊದಲ ಮೂರು ತಿಂಗಳು ಇದೂ ಸೋತಿತು. ಕಷ್ಟದ ಕಾಗದಗಳನ್ನೆಲ್ಲ ನಾನು ನನಗೆ ತಿಳಿಯದಂತೆಯೇ ಎರಡನೆಯ ಕಟ್ಟಿಗೆ ತಳ್ಳುತ್ತಿದ್ದೆ. ಯಾರಿಂದ ಏನು ಬರಬೇಕೆಂದು ಕೇಳಿದರೆ ಉತ್ತರವಿರುತ್ತಿರಲಿಲ್ಲ. ಹಿರಿಯ ಗುಮಾಸ್ತರು ಇದು ಬ್ರಿಟಿಷರ ಕಾಲದ ಕಟ್ಟಳೆಯೆಂದು ಕೈ ಹಚ್ಚಲಿಲ್ಲ. ವ್ಯವಸ್ಥಾಪಕರು ಬಂದ ಟಪಾಲನ್ನೆಲ್ಲ ಓದದೆ ನಾಲ್ಕನೆಯ ಕಟ್ಟಿಗೆ ಸೇರಿಸುತ್ತಿದ್ದರು. ಆಗ ನಾನು ಎರಡು ನಿಯಮ ಮಾಡಿಕೊಂಡೆ. ಹೊರಗೆ ಹೋದ ಪತ್ರದ ಜಾವಕ ಸಂಖ್ಯೆಯಿಲ್ಲದ ಕಾಗದ ಎರಡನೆಯ ಕಟ್ಟಿಗೆ ಸೇರುವಂತಿಲ್ಲ. ಸಂಜೆ ಐದರಿಂದ ಐದೂವರೆಯವರೆಗೆ ಹೊಸ ಕೆಲಸ ಹಿಡಿಯದೆ ಅಂದಿನ ಕಾಗದಗಳನ್ನು ಕಟ್ಟುಗಳಿಗೆ ಸೇರಿಸಿಯೇ ಮನೆಗೆ ಹೋಗಬೇಕು. ನಾಲ್ಕನೆಯ ತಿಂಗಳು ಮೊದಲ ಕಟ್ಟು ತೊಂಬತ್ತು ಕಾಗದಗಳಿಂದ ಹದಿನೈದಕ್ಕೆ ಇಳಿಯಿತು. ಆ ಅರ್ಧ ತಾಸನ್ನು ಜಾತ್ರೆಯ ಹಿಂದಿನ ದಿನವೂ ನಾನು ಬಿಟ್ಟಿಲ್ಲ.

ಕಟ್ಟುಗಳು ಮೇಜಿನ ಕೆಲಸವನ್ನು ಸರಿಪಡಿಸಿದವು. ಸದಸ್ಯರ ಸಾಲದ ಕಡತಗಳ ಸಮಸ್ಯೆ ಬೇರೆ ಇತ್ತು. ಅದಕ್ಕೆ ದಾರಿ ತೋರಿದವರು ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿರುವ ನಮ್ಮ ವೈನಿ (ಅತ್ತಿಗೆ). ಅಲ್ಲಿ ರೋಗಿಗಳ ಕಡತಗಳನ್ನು ಸಂಖ್ಯೆಯ ಕೊನೆಯ ಅಂಕಿಗಳ ಪ್ರಕಾರ ಇಡುತ್ತಾರೆ. ನಾನು ಹೆಸರನ್ನು ಪೂರ್ತಿ ಬಿಟ್ಟು ಸದಸ್ಯತ್ವ ಸಂಖ್ಯೆಯನ್ನೇ ಕಡತದ ಸಂಖ್ಯೆ ಮಾಡಿ, ರ‍್ಯಾಕಿನಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಖಾನೆಗಳನ್ನು ಮಾಡಿದೆ. 3147ನೆಯ ಸದಸ್ಯರ ಕಡತ ಏಳರ ಖಾನೆಯಲ್ಲಿ, ಅದರೊಳಗೆ ನಲವತ್ತೇಳರ ಗುಂಪಿನಲ್ಲಿ ಇರುತ್ತದೆ. ಹೊಸ ಸದಸ್ಯರು ಎಷ್ಟು ಬಂದರೂ ಹತ್ತೂ ಖಾನೆಗಳು ಸಮನಾಗಿ ತುಂಬುತ್ತವೆ. ನೇರ ಸಂಖ್ಯಾಕ್ರಮದಲ್ಲಿಟ್ಟಿದ್ದರೆ ಹೊಸ ಕಡತಗಳೆಲ್ಲ ಕೊನೆಯ ಖಾನೆಗೆ ಬಿದ್ದು ಅಲ್ಲಿಯೇ ನೂಕುನುಗ್ಗಲಾಗುತ್ತಿತ್ತು. ಹೆಸರು ಮಾತ್ರ ತಿಳಿದವರಿಗಾಗಿ ಒಂದು ಸೂಚಿ ವಹಿ ಇದೆ. ಅದರಲ್ಲಿ ವೀರಣ್ಣರನ್ನು ‘ವ’ದಲ್ಲಿಯೂ ‘ಈ’ಯಲ್ಲಿಯೂ ಎರಡು ಸಲ ಬರೆದಿದ್ದೇನೆ. ಒಬ್ಬರೇ ವ್ಯಕ್ತಿ ಹಲವರಿಗೆ ಜಾಮೀನಾಗಿರುವುದನ್ನು ಕಡತದ ಬೆನ್ನು ನೋಡಿಯೇ ತಿಳಿಯುವಂತೆ ನಾನು ಒಂದು ಗುರುತಿನ ಕ್ರಮ ಮಾಡಿದ್ದೇನೆ; ಅದು ಸದಸ್ಯರ ಗುಟ್ಟಿಗೆ ಸಂಬಂಧಿಸಿದ್ದರಿಂದ ಇಲ್ಲಿ ಬರೆಯುವುದಿಲ್ಲ.

ಕಡತ ಹೊರತೆಗೆದವರು ಅದರ ಜಾಗದಲ್ಲಿ ಹೆಸರು, ದಿನಾಂಕವಿರುವ ಬದಲಿ ಚೀಟಿ ಇಡಲೇಬೇಕು. ಅಧ್ಯಕ್ಷರೇ ಕೇಳಿದರೂ ಚೀಟಿಗೆ ಸಹಿಯಾಗದೆ ನಾನು ಕಡತ ಕೊಡಲಿಲ್ಲ. ಒಂದು ವಾರ ಅವರಿಗೆ ಬೇಸರವಿತ್ತು, ನಂತರ ಅವರೇ ಇತರರಿಂದ ಚೀಟಿ ಕೇಳತೊಡಗಿದರು. ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ಐದು ಸಾವಿರ ಚೀಟಿಗಳಿಗೆ ₹2,000 ಆಯಿತು. ವಿಭಾಗ ಮಾಡುವ ರಟ್ಟಿಗೆ ಹಣವೇ ಆಗಲಿಲ್ಲ, ಏಕೆಂದರೆ ಲಗ್ನಪತ್ರಿಕೆ ಕತ್ತರಿಸಿ ಉಳಿದ ದಪ್ಪ ರಟ್ಟಿನ ಪಟ್ಟಿಗಳನ್ನು ಪ್ರೆಸ್ಸಿನವರು ಸುಮ್ಮನೆ ಕೊಟ್ಟರು. ಕಟ್ಟುಗಳನ್ನು ಸುತ್ತುವ ರುಮಾಲಿಗೆ ಬೆಟಗೇರಿಯ ಕೈಮಗ್ಗದ ದಪ್ಪ ಬಟ್ಟೆ ಸುಮಾರು ₹4,500, ನಾಲ್ಕು ಕಬ್ಬಿಣದ ರ‍್ಯಾಕುಗಳಿಗೆ ₹26,000. ಒಟ್ಟು ಖರ್ಚು ಸ್ಕ್ಯಾನಿಂಗಿಗೆ ಹೋದಷ್ಟೇ ಎನ್ನಬಹುದು.

ಹುಳದ ಬಗ್ಗೆಯೂ ಪ್ರಯೋಗ ಮಾಡಿದೆ. ಮೂರು ಕಟ್ಟುಗಳಲ್ಲಿ ಬೇವಿನ ಎಲೆ, ಮೂರರಲ್ಲಿ ಬಜೆ ಬೇರು, ಮೂರರಲ್ಲಿ ಡಾಂಬರು ಗುಳಿಗೆ ಇಟ್ಟು ಒಂದು ವರ್ಷ ನೋಡಿದೆ. ಬೇವಿನ ಎಲೆ ಪುಡಿಯಾಗಿ ಕಾಗದಕ್ಕೆ ಕಲೆಯಾಯಿತು. ಬಜೆ ಬೇರಿನ ಕಟ್ಟುಗಳು ಚೆನ್ನಾಗಿ ಉಳಿದವು. ಗುಳಿಗೆಯ ವಾಸನೆಗೆ ನಮಗೇ ತಲೆನೋವು ಬಂದಿತು. ಆದರೆ ಗೆದ್ದಲಿಗೆ ಈ ಮೂರೂ ಉಪಯೋಗವಿಲ್ಲ. ನಮ್ಮ ಎರೆ ಭೂಮಿಯಲ್ಲಿ ನೆಲ ಬಿರಿದ ಕಡೆಯಿಂದ ಅದು ಗೋಡೆ ಹಿಡಿದು ಏರುತ್ತದೆ. ರ‍್ಯಾಕನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ, ಕೆಳಗಿನ ಖಾನೆಯನ್ನು ಖಾಲಿ ಬಿಟ್ಟ ಮೇಲೆ ನಿಂತಿತು. ಸ್ಟೇಪ್ಲರ್ ಪಿನ್ನುಗಳನ್ನೂ ರಬ್ಬರ್ ಬ್ಯಾಂಡುಗಳನ್ನೂ ಹಳೆಯ ಕಡತಗಳಿಂದ ತೆಗೆದು ದಾರದ ಟ್ಯಾಗ್ ಹಾಕಿದೆ. ಮಳೆಗಾಲದಲ್ಲಿ ಪಿನ್ನು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ, ಬೇಸಿಗೆಯಲ್ಲಿ ರಬ್ಬರ್ ಕರಗಿ ಅಂಟುತ್ತದೆ.

ಆರನೆಯ ಕಟ್ಟಿನ ವಿಷಯದಲ್ಲಿ ಮಾತ್ರ ನಾನು ಇನ್ನೂ ನಿಧಾನವಾಗಿ ನಡೆಯುತ್ತಿದ್ದೇನೆ. ಸರಕಾರಿ ಕಚೇರಿಗಳಲ್ಲಿ ಎ ವರ್ಗ ಶಾಶ್ವತ, ಬಿ 30 ವರ್ಷ, ಸಿ 10, ಡಿ 5, ಇ ಒಂದು ವರ್ಷ ಎಂಬ ಸ್ಪಷ್ಟ ವರ್ಗೀಕರಣವಿದೆ. ಅದನ್ನು ನೋಡಿಕೊಂಡು ಷೇರು ಲೆಡ್ಜರು, ಠರಾವು ಪುಸ್ತಕಗಳನ್ನು ಶಾಶ್ವತವೆಂದು ಬರೆದು, ಉಳಿದವುಗಳಿಗೆ ಅವಧಿಯ ಪಟ್ಟಿ ಮಾಡಿ ಮಂಡಳಿಯ ಮುಂದಿಟ್ಟೆ. ಒಮ್ಮೆ ಅವಸರದಲ್ಲಿ, ಆಕ್ಷೇಪಣೆ ಬಾಕಿಯಿದ್ದ ವರ್ಷದ ವೋಚರುಗಳು ರದ್ದಿಯ ಚೀಲದವರೆಗೆ ಹೋಗಿದ್ದವು. ಚೀಲದ ಬಾಯಿ ಕಟ್ಟುವಾಗ ಮೇಲಿನ ವೋಚರಿನ ಮೇಲೆ ಪರಿಶೋಧಕರ ಹಸಿರು ಶಾಯಿಯ ಗುರುತು ಕಂಡು ತಡೆದೆ. ಅಂದಿನಿಂದ ಪಟ್ಟಿ, ಮಂಡಳಿಯ ಠರಾವು, ಇಬ್ಬರ ಸಹಿ ಈ ಮೂರೂ ಇಲ್ಲದೆ ಒಂದು ಹಾಳೆಯೂ ಹೊರಗೆ ಹೋಗುವುದಿಲ್ಲ. ಆಧಾರ್ ನಕಲು, ಸಹಿಗಳಿರುವ ಕಾಗದಗಳನ್ನು ರದ್ದಿಗೆ ಹಾಕದೆ ನೀರಿನಲ್ಲಿ ನೆನೆಸಿ ಕಲಸಿಬಿಡುತ್ತೇವೆ.

ಹಿಂದೆ ಪರಿಶೋಧನಾ ವರದಿಯಲ್ಲಿ ಸುಮಾರು ಮೂವತ್ತೆಂಟು ನ್ಯೂನತೆಗಳಿರುತ್ತಿದ್ದವು, ಈ ಸಲ ಒಂಬತ್ತು. ಆ ಒಂಬತ್ತರಲ್ಲಿ ಕಾಗದ ಸಿಗಲಿಲ್ಲವೆಂಬ ಕಾರಣಕ್ಕೆ ಬಂದದ್ದು ಒಂದೂ ಇಲ್ಲ. ಪರಿಶೋಧಕರು ಹೊರಡುವ ಮುನ್ನ ಯಾವುದೋ ಹಳೆಯ ಸದಸ್ಯತ್ವ ಸಂಖ್ಯೆ ಹೇಳಿ ನನ್ನನ್ನು ಪರೀಕ್ಷಿಸಿದರು. ಅವರು ಚಹಾದ ಬಟ್ಟಲು ಕೆಳಗಿಡುವುದರೊಳಗೆ ಕಡತ ಅವರ ಮುಂದಿತ್ತು. ಬಸವರಾಜರ ಸಾಲದ ದಾವೆ ಈಗ ನಡೆಯುತ್ತಿದೆ, ಜಾಮೀನು ಪತ್ರ ತನ್ನ ಕಡತದಲ್ಲಿಯೇ ಇದೆ. ಹಿರಿಯ ಗುಮಾಸ್ತರು ಕಳೆದ ತಿಂಗಳು ತಮ್ಮ ಮೇಜಿಗೂ ಆರು ರುಮಾಲು ಬೇಕೆಂದು ಕೇಳಿದರು. ಬೆಟಗೇರಿಗೆ ಹೋಗಿ ಬಟ್ಟೆ ತಂದಿದ್ದೇನೆ, ಅಂಚು ಹೊಲಿಸುವುದು ಬಾಕಿಯಿದೆ.