ಎರಡನೇ ವರ್ಷದ ಮಕ್ಕಳನ್ನು ಮೊದಲ ತಿಂಗಳಲ್ಲೇ ಕರೆದು ಮಾತಾಡಿಸಿ

ತುಮಕೂರಿನ ಡಿಗ್ರಿ ಕಾಲೇಜುಗಳ ಮೇಷ್ಟ್ರು, ಮೇಡಂ ಮತ್ತು ಆಫೀಸಿನವರಿಗೆ ಒಂದು ಸಲಹೆ. ಫಸ್ಟ್ ಇಯರ್‌ನವರಿಗೆ ಸ್ವಾಗತ ಸಮಾರಂಭ ಮಾಡ್ತೀವಿ, ಫೈನಲ್ ಇಯರ್‌ನವರಿಗೆ ಪ್ಲೇಸ್‌ಮೆಂಟ್ ಓಡಾಟ. ನಡುವಿನವರನ್ನು ಕೇಳೋರಿಲ್ಲ. ಆದರೆ ಮೂರನೇ ಸೆಮಿಸ್ಟರ್ ಹೊತ್ತಿಗೆ ಹಳೇ ಬ್ಯಾಕ್‌ಲಾಗ್ (ಪಾಸಾಗದ ವಿಷಯಗಳು) ಉಳಿದಿರುತ್ತೆ, ಪಾಠ ಕಷ್ಟವಾಗಿರುತ್ತೆ, ವಸಂತನರಸಾಪುರದ ಫ್ಯಾಕ್ಟರಿಗೆ ಹೋಗೋ ಗೆಳೆಯನ ಸಂಬಳ ಕಣ್ಣು ಸೆಳೀತಿರುತ್ತೆ.

ಒಬ್ಬೊಬ್ಬರನ್ನೇ ಸ್ಟಾಫ್ ರೂಮಿಗೆ ಕರೆದು, ಕೂರಿಸಿ, ಹತ್ತು ನಿಮಿಷ ಮಾತಾಡಿ. ಕ್ಲಾಸಲ್ಲಿ ಎಲ್ಲರೆದುರು ನಿಲ್ಲಿಸಿ "ಎಷ್ಟು ಬ್ಯಾಕ್ ಇದೆ?" ಅಂತ ಖಂಡಿತ ಕೇಳಬೇಡಿ. "ಯಾವ ಬಸ್ಸಿಗೆ ಬರ್ತೀಯಪ್ಪ?" ಅಂತ ಶುರು ಮಾಡಿ. ಮಧುಗಿರಿ, ಕೊರಟಗೆರೆ ಕಡೆಯ ಮಕ್ಕಳು ತಿಂಡಿ ತಿನ್ನದೆ ಬರೋದು, ಸಂಜೆ ಅಂಗಡಿ ಕೆಲಸಕ್ಕೆ ಹೋಗೋದು ಎಲ್ಲ ಆ ಮಾತಲ್ಲೇ ಹೊರಗೆ ಬರುತ್ತೆ. ಬ್ಯಾಕ್‌ಲಾಗ್ ವಿಷಯ ಆಮೇಲೆ ತಾವಾಗೇ ಹೇಳ್ತಾರೆ. ಆಗ ಪರೀಕ್ಷೆ ಶುಲ್ಕ ಕಟ್ಟೋ ಕೊನೆ ದಿನ ಅವರ ನೋಟ್‌ಬುಕ್ಕಲ್ಲೇ ಬರೆಸಿ.

ಆಫೀಸಿನವರೇ, ಸ್ಕಾಲರ್‌ಶಿಪ್ಪಿಗೆ ಹೋದ ವರ್ಷ ಹಾಕಿದ್ದೇ ಸಾಕು ಅಂದ್ಕೊಂಡಿರೋ ಮಕ್ಕಳು ಬಹಳ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಈ ವರ್ಷವೂ ಅರ್ಜಿ ಹಾಕಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರಬಾರದು. ನೋಟಿಸ್ ಬೋರ್ಡ್ ಸಾಲದು, ದಯವಿಟ್ಟು ಕ್ಲಾಸಿಗೇ ಬಂದು ಹೇಳಿ. ನಾಡಕಚೇರಿಗೆ ಹೋಗಿಬರೋಕೆ ಅವರಿಗೂ ಸಮಯ ಬೇಕಲ್ಲ.

ಸತತ ಮೂರು ದಿನ ಬರದಿದ್ದರೆ ಫೋನ್ ಮಾಡಿ, ಹಾಜರಾತಿ ಶಾರ್ಟೇಜ್ ಪಟ್ಟಿ ಬರಲಿ ಅಂತ ಕಾಯಬೇಡಿ. ಮೊದಲು ಮಗುವಿಗೇ ಮಾಡಿ, ಆಮೇಲೆ ಮನೆಗೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಬಹಳ ಮುಖ್ಯ: ಕಾಲೇಜಿಂದ ಒಂದು ದೂರು ಹೋದರೆ ಸಾಕು, "ಓದಿದ್ದು ಸಾಕು ಬಿಡು" ಅನ್ನೋ ಮನೆಗಳು ಇನ್ನೂ ಇವೆ.