ಲ್ಯಾಬಿನ ಹಳೇ ಕಂಪ್ಯೂಟರ್ ಕೊಂಡ ನನ್ನ ಅನುಭವ

ಮೈಸೂರಿನಲ್ಲಿ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ನಮ್ಮ ಡಿಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದ್ದರು. ಲ್ಯಾಬಿನ ಹತ್ತು ಹಳೇ ಕಂಪ್ಯೂಟರ್ ಮಾರಾಟಕ್ಕಿವೆ. ಇರುವ ಸ್ಥಿತಿಯಲ್ಲೇ ಒಯ್ಯಬೇಕು. ಮುಚ್ಚಿದ ಲಕೋಟೆಯಲ್ಲಿ ದರ ಬರೆದು, ಠೇವಣಿಗೆ ಡಿಡಿ ಇಟ್ಟು ಕೊಡಬೇಕು. ಬಿಡಿಯಾಗಿ ಕೊಡುವುದಿಲ್ಲ, ಹತ್ತೂ ಒಟ್ಟಿಗೆ. ಸರಸ್ವತಿಪುರಂನಲ್ಲಿ ಒಂದೇ ಮನೆಯಲ್ಲಿದ್ದ ನಾವು ಐದು ಜನ ಸೇರಿ ಹಾಕೋಣ ಅಂದುಕೊಂಡೆವು.

ಇದರಲ್ಲಿ ಎಲ್ಲಕ್ಕಿಂತ ಮುಖ್ಯ, ವಸ್ತು ನೋಡಲು ಬಿಡುವ ದಿನ. ಅದನ್ನು ಮಾತ್ರ ತಪ್ಪಿಸಬೇಡಿ. ಹಾರ್ಡ್ ಡಿಸ್ಕ್ ಮೊದಲೇ ತೆಗೆದಿರುತ್ತಾರೆ. ಹಾಗಾಗಿ ಸ್ಕ್ರೂಡ್ರೈವರ್, ಟಾರ್ಚ್, ಪವರ್ ಕೇಬಲ್ ಜೊತೆಗೆ ಲಿನಕ್ಸ್ (ವಿಂಡೋಸ್ ಥರದ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿದ ಪೆನ್‌ಡ್ರೈವ್ ಕೂಡ ಒಯ್ದಿದ್ದೆ.

"ಪ್ಲಗ್ ಹಾಕಿ ನೋಡಬಹುದಾ ಅಣ್ಣಾ?" ಅಂತ ಅಟೆಂಡರ್‌ ಅವರನ್ನು ಕೇಳಿದೆ.

"ನೋಡ್ಕೊಳಪ್ಪ, ಊಟದ ಹೊತ್ತಿಗೆ ಬೀಗ ಹಾಕ್ಬೇಕು."

ಮೊದಲು ಮುಚ್ಚಳ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟೆ. ಮದರ್‌ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳಂತೆ ಕೆಪಾಸಿಟರ್‌ಗಳು ನಿಂತಿರುತ್ತವೆ. ಅವುಗಳ ತಲೆ ಚಪ್ಪಟೆಯಾಗಿರಬೇಕು, ಉಬ್ಬಿದ್ದರೆ ಕೆಟ್ಟಿವೆ ಅಂತ ಅರ್ಥ. ಎರಡು ಬೋರ್ಡುಗಳಲ್ಲಿ ಉಬ್ಬಿದ್ದವು, ಒಂದರ ಬುಡದಲ್ಲಿ ಕಂದು ಅಂಟು ಸೋರಿ ಒಣಗಿತ್ತು. ಮೂರನೆಯದೊಂದು ಆನ್ ಆಗಲೇ ಇಲ್ಲ. ಉಳಿದ ಏಳು ಪೆನ್‌ಡ್ರೈವಿನಿಂದ ಚೆನ್ನಾಗಿ ಶುರುವಾದವು. ಎಲ್ಲವೂ ಇಂಟೆಲ್ ಕಂಪನಿಯ 4ನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ಡಿಡಿಆರ್3 ರ‍್ಯಾಮ್. ಏಳಕ್ಕೆ ತಲಾ 2,000 ರೂಪಾಯಿ ಲೆಕ್ಕ ಹಾಕಿ, ಹತ್ತಕ್ಕೆ ಸೇರಿ 14,000 ಅಂತ ಬರೆದೆವು. ಕೆಟ್ಟವಕ್ಕೆ ಒಂದು ಪೈಸೆಯೂ ಸೇರಿಸಲಿಲ್ಲ. ನಮಗೇ ಸಿಕ್ಕಿತು.

ಗೇಟಿನಲ್ಲಿ ವಾಚ್‌ಮನ್ ಪ್ರತಿ ಡಬ್ಬದ ಮೇಲಿನ ಸ್ಟಾಕ್ ನಂಬರನ್ನೂ ಗೇಟ್ ಪಾಸಿನ ಜೊತೆ ತಾಳೆ ನೋಡಿದರು. ಆ ಕಾಗದ, ರಸೀದಿ ಎರಡನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಸ್ಟಾಕ್ ನಂಬರ್ ಇರುವ ವಸ್ತು ಮನೆಯಲ್ಲಿದ್ದರೆ ಮುಂದೆ ಯಾರಾದರೂ ಕೇಳಬಹುದು ಅಲ್ವಾ.

ಮನೆಗೆ ಬಂದ ಮೇಲೆ ನನ್ನ ಪಾಲಿನದು ಎರಡು ದಿನ ಕಾಡಿತು. ಆಫ್ ಮಾಡಿ ಆನ್ ಮಾಡಿದರೆ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತಿತ್ತು. ಬ್ರೌಸರ್‌ನಲ್ಲಿ ಯಾವ ಪುಟವೂ ತೆರೆಯುತ್ತಿರಲಿಲ್ಲ, ಸುರಕ್ಷಿತವಲ್ಲ ಅಂತ ಎಚ್ಚರಿಕೆ ಬರುತ್ತಿತ್ತು. ನಾನು ಸುಮ್ನೆ ನೆಟ್‌ವರ್ಕ್ ಕಾರ್ಡನ್ನು ಅನುಮಾನಿಸಿದೆ. ಕೊನೆಗೆ ನೋಡಿದರೆ ಬೋರ್ಡಿನ ಮೇಲಿನ ಸಿಆರ್2032 ಸೆಲ್ ಸತ್ತಿತ್ತು. ಐದು ರೂಪಾಯಿ ನಾಣ್ಯಕ್ಕಿಂತ ತುಸು ಕಡಿಮೆ ಅಗಲದ, 3 ವೋಲ್ಟಿನ ಬಟನ್ ಸೆಲ್ ಅದು. ಕಂಪ್ಯೂಟರ್ ಆಫ್ ಇದ್ದಾಗ ಒಳಗಿನ ಗಡಿಯಾರ ನಡೆಸುವುದು ಅದೇ, ತಾರೀಖು ತಪ್ಪಿದರೆ ಬ್ರೌಸರ್ ಪುಟಗಳನ್ನು ನಂಬುವುದಿಲ್ಲ. ಹೊಸದು ಹಾಕಿ ಗಡಿಯಾರ ಸರಿ ಮಾಡಿದೆ, ಎಲ್ಲಾ ಪುಟಗಳೂ ತೆರೆದವು.

ಕೆಟ್ಟ ಮೂರರಿಂದ ರ‍್ಯಾಮ್ ಬಿಚ್ಚಿ ನಮ್ಮ ಮೂರು ಕಂಪ್ಯೂಟರ್‌ಗಳನ್ನು 8 ಜಿಬಿ ಮಾಡಿದೆವು. ಬೋರ್ಡುಗಳನ್ನು ಬೀದಿ ಗುಜರಿಗೆ ಹಾಕಲಿಲ್ಲ. ಅಂಥ ಕಡೆ ತಾಮ್ರಕ್ಕಾಗಿ ವೈರ್ ಸುಡುತ್ತಾರೆ, ಆ ಹೊಗೆ ಬಹಳ ಕೆಟ್ಟದ್ದು. ಪರವಾನಗಿ ಇರುವ ಇ-ತ್ಯಾಜ್ಯದವರಿಗೇ ಕೊಟ್ಟೆವು.

ಖರ್ಚು ಮಾಡುವುದಾದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ, ಅದಕ್ಕಿಂತ ವೇಗದ ಎಸ್‌ಎಸ್‌ಡಿಗೆ ಮಾಡಿ. ನಾನು 240 ಜಿಬಿಯದು ಹಾಕಿದೆ, ಅದರಿಂದಲೇ ವೇಗ ಬಂತು. ವಿಂಡೋಸ್ 11 ಇಷ್ಟು ಹಳೇ ಪ್ರೊಸೆಸರ್‌ಗೆ ಅಧಿಕೃತವಾಗಿ ಸಿಗುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಾನು ಲಿನಕ್ಸ್ ಮಿಂಟ್ ಹಾಕಿಕೊಂಡೆ. ಅದರ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕಗಪ ವಿನ್ಯಾಸವೂ ಇದೆ. ಅದೇ ವಿನ್ಯಾಸದ ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಕಲಿತ ಬೆರಳುಗಳಿಗೆ ಹೊಸದಾಗಿ ಏನೂ ಕಲಿಸಬೇಕಾಗಲಿಲ್ಲ. ಈಗ ಆ ಕಂಪ್ಯೂಟರ್ ಮದ್ದೂರಿನಲ್ಲಿ ಅಕ್ಕನ ಮನೆಯಲ್ಲಿದೆ. ಅಕ್ಕನ ಮಗಳು ಶಾಲೆಯ ಪ್ರಬಂಧಗಳನ್ನು ಅದರಲ್ಲೇ ಟೈಪ್ ಮಾಡುತ್ತಾಳೆ.