ಅಪ್ಪ ಕಟ್ಟಿಸಿದ ಮನೆ ಮಾರಿದ್ದು: ಬ್ರೋಕರ್ ಜೊತೆಗಿನ ನನ್ನ ಅನುಭವ

ಮೈಸೂರಿನ ಕುವೆಂಪುನಗರದ ಮನೆ ಮಾರೋಣ ಅಂತ ಅಕ್ಕ, ತಮ್ಮ, ನಾನು ಮೂವರೂ ಒಪ್ಪಿದ ಮೇಲೆ ಬಂದ ಮೊದಲ ಸಲಹೆ ಬ್ರೋಕರ್‌ದು. "ಒಳ್ಳೆ ಪೇಂಟ್ ಹೊಡೆಸಿ, ಹಾಲ್‌ಗೆ ಟೈಲ್ಸ್ ಹಾಕಿಸಿಬಿಡಿ ಮೇಡಂ, ಕೇಳಿದ ರೇಟ್ ಬರುತ್ತೆ." ನಾನು ಹಾಕಿಸಲಿಲ್ಲ. 30x40 ಸೈಟಿನಲ್ಲಿರುವ, ಮೂವತ್ತು ವರ್ಷ ದಾಟಿದ ಮನೆಗೆ ಬರುವವರು ದುಡ್ಡು ಕೊಡುವುದು ಜಾಗಕ್ಕೆ. ಎಷ್ಟೋ ಜನ ಕೆಡವಿ ಮೇಲೆ ಎರಡು ಫ್ಲೋರ್ ಎಬ್ಬಿಸುವ ಲೆಕ್ಕ ಇಟ್ಟುಕೊಂಡೇ ಗೇಟ್ ತೆರೆಯುತ್ತಾರೆ. ಅವರಿಗೆ ನಮ್ಮ ಟೈಲ್ಸ್ ಕಟ್ಟಿಕೊಂಡು ಏನಾಗಬೇಕು?

ಅವರಿಗೆ ಬೇಕಾಗಿದ್ದು ಫೈಲು, ಅಂದರೆ ಆಸ್ತಿಯ ಕಾಗದಪತ್ರ. ಹಾಗಾಗಿ ದುಡ್ಡನ್ನೂ ಓಡಾಟವನ್ನೂ ಅದಕ್ಕೇ ಹಾಕಿದೆವು.

ಸೈಟು ಸಿಐಟಿಬಿ (ಮುಡಾಗೆ ಮುಂಚಿನ ನಗರ ಸುಧಾರಣಾ ಮಂಡಳಿ) ಕಾಲದಲ್ಲಿ ಅಪ್ಪನಿಗೆ ಹಂಚಿಕೆ ಆಗಿದ್ದು. ಹಂಚಿಕೆ ಪತ್ರ, ಸ್ವಾಧೀನ ಪತ್ರ, ಹಕ್ಕುಪತ್ರ ಎಲ್ಲವನ್ನೂ ಅಮ್ಮ ಟ್ರಂಕಿನಲ್ಲಿ ಜೋಪಾನ ಮಾಡಿದ್ದರು. ಆದರೆ ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೂ ಖಾತೆ ಅಪ್ಪನ ಹೆಸರಲ್ಲೇ ಇತ್ತು. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಇಟ್ಟು ಮೊದಲು ಮೂವರ ಹೆಸರಿಗೆ ಖಾತೆ ಮಾಡಿಸಿದೆವು. ಆಮೇಲೆ ಇ-ಖಾತೆ, ಅಂದರೆ ಆನ್‌ಲೈನ್ ಖಾತೆ. ಈಗ ಅದಿಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ. ಹಕ್ಕುಪತ್ರದಲ್ಲಿ ಅಪ್ಪನ ಹೆಸರಿನ ಮುಂದೆ ಒಂದು ಇನಿಷಿಯಲ್, ಹಳೇ ಖಾತೆಯಲ್ಲಿ ಎರಡು. ಇಷ್ಟಕ್ಕೇ ಅರ್ಜಿ ನಿಂತಿತು. ಎರಡೂ ಒಬ್ಬರದೇ ಹೆಸರು ಅಂತ ನೋಟರಿ ಅಫಿಡವಿಟ್ ಕೊಟ್ಟ ಮೇಲೆ ಮುಂದೆ ಹೋಯಿತು. ಇ-ಖಾತೆಯ ಕರಡು ಬಂದಾಗ ಅಳತೆಯನ್ನು ತಾಳೆ ನೋಡಿದೆ. 1200 ಚದರಡಿ ಅಂದರೆ 111.48 ಚದರ ಮೀಟರ್. ಅಲ್ಲಿ ಒಂದು ಅಂಕಿ ತಪ್ಪಿದರೂ ಕ್ರಯಪತ್ರದವರೆಗೂ ಅದೇ ತಪ್ಪು ಹೋಗುತ್ತದೆ.

ಇಸಿ, ಅಂದರೆ ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರದ ವಿಷಯ ಇನ್ನೊಂದು. 2004ರ ಏಪ್ರಿಲ್‌ನಿಂದ ಈಚೆಗಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆನ್‌ಲೈನ್ ಸಿಗುತ್ತದೆ. ಅದಕ್ಕಿಂತ ಹಳೆಯದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕ ತೆಗೆಸಬೇಕು. ಹಾಗೆ ತೆಗೆಸಿದಾಗ, ಅಪ್ಪ ಎಂದೋ ತೀರಿಸಿದ್ದ ಮನೆ ಸಾಲದ ಅಡಮಾನ ಅಲ್ಲಿ ಹಾಗೇ ಕೂತಿತ್ತು. ಸಾಲ ತೀರಿದ ರಸೀದಿ ಇತ್ತು, ಆದರೆ ಅಡಮಾನ ಬಿಡುಗಡೆ ಪತ್ರ ರಿಜಿಸ್ಟರ್ ಆಗಿರಲಿಲ್ಲ. ಬ್ಯಾಂಕಿನವರನ್ನು ಕಾಡಿ ಬೇಡಿ ಅದನ್ನು ಮಾಡಿಸಿದ್ದಾಯಿತು. ಕೊಳ್ಳುವವರ ವಕೀಲರ ಕಣ್ಣಿಗೆ ಇದು ಮೊದಲು ಬಿದ್ದಿದ್ದರೆ ಚೌಕಾಶಿ ಬೇರೆ ಥರ ಇರುತ್ತಿತ್ತು.

ಈ ಓಡಾಟವೆಲ್ಲ ಆಷಾಢ ಮುಗಿಯುವುದರೊಳಗೆ ಆಯಿತು. ಅದು ಒಳ್ಳೆಯದೇ ಆಯಿತು. ಆಷಾಢದಲ್ಲಿ ಮೈಸೂರಿನ ಜನ ಶುಕ್ರವಾರ ಬೆಟ್ಟ ಹತ್ತುತ್ತಾರೆ, ಮನೆಗೆ ಟೋಕನ್ ಮುಂಗಡ ಕೊಡುವುದಿಲ್ಲ. ಫೋನ್ ಸುಮ್ನೆ ಇರುತ್ತದೆ. ಶ್ರಾವಣ ಬಂದ ಕೂಡಲೇ ಶುರು.

ಮನೆಗೆ ಮಾಡಿಸಿದ್ದು ಕಡಿಮೆ. ತಾರಸಿ ಸೋರುತ್ತಿದ್ದ ಕಡೆ ವಾಟರ್‌ಪ್ರೂಫಿಂಗ್, ಸಂಪು ಮತ್ತು ಟ್ಯಾಂಕ್ ಕ್ಲೀನಿಂಗ್, ತೊಟ್ಟಿಕ್ಕುವ ನಲ್ಲಿಗಳು, ಉರಿಯದ ಬಲ್ಬುಗಳು. ರೂಮಿನ ಗೋಡೆಯ ತೇವದ ಕಲೆ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿಯೋಣ ಅಂದರು ಬ್ರೋಕರ್. ಬೇಡ ಅಂದೆ. ಸೋರಿಕೆ ನಿಲ್ಲಿಸಿ ಕಲೆಯನ್ನು ಹಾಗೇ ಬಿಟ್ಟೆವು. ನೋಡಲು ಬಂದ ಒಬ್ಬ ಹಿರಿಯರು ಅಂಗೈ ಅಗಲಿಸಿ ಅದೇ ಜಾಗದ ಮೇಲೆ ಇಟ್ಟರು, ಸ್ವಲ್ಪ ಹೊತ್ತು ಒತ್ತಿ ಹಿಡಿದರು, ಕೈ ಮೂಸಿ ನೋಡಿದರು. "ಒಣಗಿದೆ" ಅಂತ ಹೆಂಡತಿಗೆ ಹೇಳಿದರು. ಬಣ್ಣ ಹೊಡೆದಿದ್ದರೆ ಅನುಮಾನ ಬರುತ್ತಿತ್ತು ಅಲ್ವಾ?

ಕೆಂಪು ನೆಲವನ್ನು ಸೋಪಿನ ನೀರಲ್ಲಿ ಉಜ್ಜಿಸಿ, ಒಣಗಿದ ಮೇಲೆ ಬಟ್ಟೆಗೆ ಚೂರು ತೆಂಗಿನೆಣ್ಣೆ ಹಚ್ಚಿ ಒರೆಸಿದೆವು. ಮುಚ್ಚಿದ ಮನೆಯ ವಾಸನೆ ಹೋಗಲು ಕಿಟಕಿ ತೆರೆದಿಟ್ಟೆವು. ಅಮ್ಮನ ಪಾತ್ರೆಗಳು, ಹಳೇ ಕ್ಯಾಲೆಂಡರ್‌ಗಳು, ಅಟ್ಟದ ಮೇಲಿನ ರಾಶಿ ಖಾಲಿ ಮಾಡುವುದೇ ನಿಜವಾದ ಕಷ್ಟ. ಅದಕ್ಕೆ ಅಕ್ಕ ಬೇಕಾಯಿತು.

ಬ್ರೋಕರ್ ಜೊತೆ ಮಾತನ್ನು ಮೊದಲೇ ಹಾಳೆಯ ಮೇಲೆ ಬರೆದುಕೊಂಡೆವು. ಅವರ ಮೊದಲ ಲೆಕ್ಕ ಹೀಗಿತ್ತು: "ನಿಮಗೆಷ್ಟು ಬೇಕು ಹೇಳಿ ಮೇಡಂ. ಮೇಲೆ ಬಂದಿದ್ದು ನನಗೆ." ಅಂದರೆ ಟಾಪ್ ಇಡುವುದು. ಇದಕ್ಕೆ ಒಪ್ಪಿದರೆ ಕೊಳ್ಳುವವರು ನಿಜವಾಗಿ ಎಷ್ಟು ಕೊಡಲು ಸಿದ್ಧ ಅನ್ನುವುದು ನಮಗೆ ಗೊತ್ತೇ ಆಗುವುದಿಲ್ಲ. ನಮ್ಮ ಕಡೆಯಿಂದ ಶೇ. 1 ಕಮಿಷನ್, ಅದೂ ರಿಜಿಸ್ಟ್ರೇಷನ್ ದಿನವೇ, ರೇಟಿನ ಮಾತು ಪಾರ್ಟಿ ಮತ್ತು ನಾವು ಎದುರುಬದುರು ಕೂತೇ ಆಡಬೇಕು ಎಂದೆವು. ಮುಖ ಸ್ವಲ್ಪ ಸಣ್ಣದಾಯಿತು, ಆದರೆ ಒಪ್ಪಿದರು. ಜೆರಾಕ್ಸ್ ಕೊಡುವಾಗ ಪ್ರತಿ ಹಾಳೆಗೂ ಅಡ್ಡಡ್ಡ "ಪರಿಶೀಲನೆಗೆ ಮಾತ್ರ" ಅಂತ ಬರೆದು ತಾರೀಖು ಹಾಕಿದೆ. ಇಲ್ಲದಿದ್ದರೆ ನಮ್ಮ ಹಕ್ಕುಪತ್ರ ಊರಿನ ಬ್ರೋಕರ್‌ಗಳ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಓಡಾಡುತ್ತದೆ. ಒರಿಜಿನಲ್ ಅಂತೂ ಕೈಬಿಡಲಿಲ್ಲ.

ಅವರನ್ನು ಸುಮ್ನೆ ದೂರುತ್ತಿಲ್ಲ. ಸಂಪು ಈಶಾನ್ಯದಲ್ಲಿದೆ, ಅಡುಗೆಮನೆ ಆಗ್ನೇಯದಲ್ಲಿದೆ ಅಂತ ಬಂದವರಿಗೆ ಮೊದಲು ಹೇಳುತ್ತಿದ್ದುದು ಅವರೇ. ನನಗದು ಹೊಳೆಯುತ್ತಲೇ ಇರಲಿಲ್ಲ. ಸುಮ್ಮನೆ ಮನೆ ನೋಡಿ ಹೋಗುವವರನ್ನು ಗೇಟಿನಲ್ಲೇ ಗುರುತಿಸುತ್ತಿದ್ದರು.

ಒಂದು ಪಾರ್ಟಿ ಗೈಡೆನ್ಸ್ ವ್ಯಾಲ್ಯೂಗೆ (ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆಗೆ) ಪತ್ರ, ಉಳಿದಿದ್ದು ಕ್ಯಾಶ್ ಅಂದರು. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವ ಹಾಗಿಲ್ಲ. ಅದೂ ಅಲ್ಲದೆ ಮೂವರಿಗೆ ಹಂಚಬೇಕಾದ ದುಡ್ಡು. ಚೀಲ ಇಟ್ಟುಕೊಂಡು ಅಣ್ಣತಮ್ಮ, ಅಕ್ಕತಂಗಿಯರು ಲೆಕ್ಕ ಮಾಡುವುದು ಯಾರಿಗೆ ಬೇಕು. ಬೇಡ ಅಂದೆವು. ಕೊನೆಗೆ ಕೊಂಡಿದ್ದು ಗೋಡೆ ಮೂಸಿದ್ದ ಆ ದಂಪತಿ, ಬ್ಯಾಂಕ್ ಲೋನ್ ಮೇಲೆ.

ಅಗ್ರಿಮೆಂಟ್ ಆಗಿ ಅವರ ಲೋನ್ ನಡೆಯುತ್ತಿರುವಾಗಲೇ, 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿತು. ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿದ 5.6ರ ಜೊತೆಗೆ ಇದೂ ಕೂಡಿ ಕೊಳ್ಳುವವರಿಗೆ ಒಟ್ಟು ಶೇ. 7.6. ಕೋಟಿಗೆ ಒಂದು ಲಕ್ಷ ಜಾಸ್ತಿ. ಮಾರನೇ ದಿನವೇ ಬ್ರೋಕರ್ ಬಂದರು. "ಅರ್ಧ ನೀವು ಬಿಟ್ಟುಕೊಡಿ ಮೇಡಂ, ಪಾರ್ಟಿ ಬೇಜಾರಾಗಿದೆ." ಅವರಿಗೆ ಎರಡೂ ಕಡೆಯಿಂದ ಕಮಿಷನ್ ಬರುತ್ತದೆ, ವ್ಯವಹಾರ ಮುರಿಯದಿದ್ದರೆ ಸಾಕು. ನಮ್ಮ ಐವತ್ತು ಸಾವಿರ ಅವರಿಗೆ ದೊಡ್ಡದಲ್ಲ. ನೋಂದಣಿ ಖರ್ಚೆಲ್ಲ ಖರೀದಿದಾರರದ್ದು ಎಂಬ ಸಾಲು ಅಗ್ರಿಮೆಂಟಿನಲ್ಲಿತ್ತು. ಅದನ್ನೇ ಓದಿ ತೋರಿಸಿದೆ. ಆಮೇಲೆ ಅವರು ಕೊಳ್ಳುವವರ ಕಡೆಯ ತಮ್ಮ ಕಮಿಷನ್‌ನಲ್ಲೇ ಸ್ವಲ್ಪ ಬಿಟ್ಟರಂತೆ.

ಟಿಡಿಎಸ್‌ನಲ್ಲೂ ಒಂದು ಗೊಂದಲ. ಕೊಳ್ಳುವವರು ಬೆಲೆಯಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ ಅದು. ಒಬ್ಬೊಬ್ಬರ ಪಾಲು 50 ಲಕ್ಷದ ಒಳಗೇ ಇದೆಯಲ್ಲ, ಹಿಡಿಯಬೇಕಾಗಿಲ್ಲ ಅಂತ ಕೊಳ್ಳುವವರ ಕಡೆಯವರು ಹೇಳಿದರು. 2024ರ ಅಕ್ಟೋಬರ್‌ನಿಂದ ಒಟ್ಟು ಬೆಲೆಯನ್ನೇ ನೋಡುತ್ತಾರೆ. ಶೇ. 1 ಹಿಡಿದು, ಮೂವರ ಪ್ಯಾನ್‌ಗೂ ಬೇರೆ ಬೇರೆ 26ಕ್ಯೂಬಿ ಫಾರಂ ತುಂಬಿಸಿದರು. ನಮಗೆ ಅದು ತೆರಿಗೆ ಲೆಕ್ಕದಲ್ಲಿ ವಾಪಸ್ ಹೊಂದಿಕೆಯಾಗುತ್ತದೆ. ಬಂಡವಾಳ ಲಾಭದ, ಅಂದರೆ ಮನೆ ಮಾರಿ ಬಂದ ಲಾಭದ, ತೆರಿಗೆ ಲೆಕ್ಕಕ್ಕೆ 2001ರ ಏಪ್ರಿಲ್ 1ರ ಮೌಲ್ಯ ಬೇಕಾಗುತ್ತದೆ ಅಂತ ವ್ಯಾಲ್ಯುಯರ್ ವರದಿಯನ್ನು ಮನೆ ಕೈಬಿಡುವ ಮುಂಚೆಯೇ ಮಾಡಿಸಿಟ್ಟುಕೊಂಡೆವು. ಕೆಡವಿದ ಮೇಲೆ ಅವರು ಬಂದು ಏನನ್ನು ನೋಡುತ್ತಾರೆ?

ರಿಜಿಸ್ಟ್ರೇಷನ್‌ಗೆ ತಮ್ಮ ಪುಣೆಯಿಂದ ಬಂದ. ಡಿಡಿಗಳ ಮೇಲಿನ ಹೆಸರು, ಮೊತ್ತ ನೋಡಿಯೇ ಹೆಬ್ಬೆಟ್ಟು ಒತ್ತಿದೆವು. ಒರಿಜಿನಲ್ ಫೈಲನ್ನು ಬ್ಯಾಂಕಿನವರು ಎಣಿಸಿ ತೆಗೆದುಕೊಂಡರು. ಬ್ರೋಕರ್‌ಗೆ ಕಮಿಷನ್ ಅಲ್ಲೇ ಆನ್‌ಲೈನ್ ಹಾಕಿದೆ. ಕರೆಂಟ್ ಮೀಟರ್ ಮತ್ತು ನೀರಿನ ಕನೆಕ್ಷನ್ ಹೆಸರು ಬದಲಾಯಿಸಲು ನಮ್ಮ ಒಪ್ಪಿಗೆ ಪತ್ರಕ್ಕೆ ಮೂವರೂ ಅವತ್ತೇ ಸಹಿ ಹಾಕಿ ಕೊಟ್ಟೆವು. ತಮ್ಮನನ್ನು ಅದಕ್ಕಾಗಿ ಮತ್ತೆ ಕರೆಸಬೇಕಾಗಲಿಲ್ಲ.